ಕರಿಲಿಕ್ಕೆ ಯಾರ ಬಂದಾರ?

ನಮ್ಮ ಕಡೆ ಹೆಣ್ಮಕ್ಕಳು ಊರಿಗೆ ಹೊಂಟ್ರ ಮಂದಿ ಎರಡ ಪ್ರಶ್ನೆ ಕೇಳ್ತಾರ. ಇಲ್ಲೆ ಕಳಸಲಿಕ್ಕೆ ಯಾರ ಬರ್ತಾರ? ಅಲ್ಲೆ ಕರಿಲಿಕ್ಕೆ ಯಾರ ಬಂದಿರ್ತಾರ? ಗಂಡಸರಿಗೆ ಹಿಂಗ ಯಾರೂ ಕೇಳೂದಿಲ್ಲ. ನಮ್ಮ ಅವ್ವ ಎಪ್ಪತ್ತೆಂಟ ವರ್ಷ ಇದ್ಲು, ಧಾರವಾಡ ಠೇಶನ್ನಿಗೆ ಒಬ್ಬಾಕಿನ ಒಮ್ಮೆನೂ ಹೋಗ್ಲಿಲ್ಲ. ತವರಮನಿಗೆ ಹೋಗೂ ಮುಂದ ಅಪ್ಪ ಟಾಂಗಾದಾಗ ಕರಕೊಂಡು ಹೋಗಿ ಗಾಡಿ ಹತ್ತಸ್ತಿದ್ರು, ಗದಗಿನ್ಯಾಗ ಮಾಮಾ ಬಂದು ಇಳಿಸ್ಕೋತಿದ್ರು. ನಡುವ ಗಾಡ್ಯಾಗ ಇದ್ದ ಎರಡ ತಾಸ ಅಷ್ಟ ಅಕಿ ಒಬ್ಬಾಕಿ. "ಆ ಎರಡ ತಾಸ ಭಾಳ ಛಲೋ ಅನಸ್ತಿತ್ತು ನೋಡು" ಅಂತ ವಯಸ್ಸಾದ ಮ್ಯಾಲೆ ಒಮ್ಮೆ ನನ್ನ ಮುಂದ ಅಂದಿದ್ಲು. ಯಾಕ ಛಲೋ ಅನಸ್ತಿತ್ತು ಅಂತ ಆವಾಗ ನಾನು ಕೇಳಲಿಲ್ಲ.

ಹೋದ ಮಾಘಮಾಸದಾಗ ಮಗಳ ಬಾಣಂತನಕ್ಕ ಕೈರೋಕ್ಕ ಹೋಗಿ ಬಂದೆ ಅಲಾ, ಬಂದಾಗಿಂದ ನೀವು ಎಲ್ಲಾರೂ ಪಿರಮಿಡ್ ಸುದ್ದಿ ಕೇಳಲಿಕ್ಕೆ ಹತ್ತೀರಿ. ಪಿರಮಿಡ್ ನೋಡೇನಿ, ದೊಡ್ಡವ ಅವ, ಫೋಟೋನೂ ಕಳಿಸೇನಿ. ಆದ್ರ ನನ್ನ ತಲ್ಯಾಗ ಕೂತದ್ದು ಪಿರಮಿಡ್ ಅಲ್ಲ. ವಿಮಾನ ಇಳಿದಲ್ಲಿಂದ ಮಗಳ ಮನಿ ತನಕ ಬರೂ ದಾರಿ, ಆಮ್ಯಾಲೆ ಆ ಊರಾಗ ನಾನ ಒಬ್ಬಾಕಿನ ಓಡಾಡಿದ ದಾರಿ. ಮೂವತ್ತ ವರ್ಷ ಹೈಸ್ಕೂಲಿನ್ಯಾಗ ಇತಿಹಾಸ ಕಲಿಸಿದ ಚಾಳಿ ಬಿಡಂಗಿಲ್ಲ. ಯಾವುದರ ರಸ್ತೆ ಕಂಡ್ರ ಇದನ್ನ ಯಾರು ಹಾಕಿದ್ರು, ಯಾರ ಸಲುವಾಗಿ ಹಾಕಿದ್ರು ಅಂತ ಕೇಳೂದ. ಕೇಳಿದ್ದು, ಓದಿದ್ದು, ಕಂಡದ್ದು ಎಲ್ಲಾ ಕೂಡಿಸಿ ಬರೀಲಿಕ್ಕೆ ಹತ್ತೇನಿ. ಅಡಗಿ ಮುಗಿಸಿ ಸಾವಕಾಶ ಓದ್ರಿ.

ಮೊದಲ ಒಂದ ಹೆಸರಿನ ಸುದ್ದಿ. ಅಲ್ಲಿಯ ಮಂದಿ ಮಾತಾಡೂ ಮುಂದ ತಮ್ಮ ಊರಿಗೆ ಕೈರೋ ಅನ್ನೂದಿಲ್ಲ, ‘ಮಸ್ರ್’ ಅಂತಾರ. ದೇಶಕ್ಕೂ ಅದ ಹೆಸರು, ಊರಿಗೂ ಅದ ಹೆಸರು. ನಾವು ಹಿಂದಿಯೊಳಗ ಖಡಿಸಕ್ರಿಗೆ ಮಿಶ್ರಿ ಅಂತೇವಲಾ, ಅದು ಈ ಮಿಸ್ರ್ ದೇಶದ ಹೆಸರಿನಿಂದನ ಬಂದದ್ದು. ನಾ ಒಂದ ಚೀಲದ ತುಂಬ ಅಂಟಿನುಂಡಿ, ಅಳವಿ, ಖಡಿಸಕ್ರಿ ಕಟಗೊಂಡು ಹೋಗಿದ್ದೆ. ಮಿಶ್ರಿ ಊರಿಗೇ ಮಿಶ್ರಿ ಒಯ್ದಾಕಿ ನಾನು.

ವೀಸಾ ಮೊದಲ ಮಾಡಿಸಿದ್ವಿ, ಅದರದೇನೂ ತ್ರಾಸ ಆಗಲಿಲ್ಲ. ಸಾಮಾನು ತಗೊಂಡು ಹೊರಗ ಬಂದೆ. ಅಳಿಯಂದ್ರು ಬಂದಿರ್ತಾರ ಅಂತ ಕಟಕಟಿ ಆಚೆ ಇದ್ದ ಮಾರಿ ಎಲ್ಲಾ ಒಂದೊಂದ ನೋಡಿದೆ. ಇಲ್ಲ. ಮೊಬೈಲಿನ್ಯಾಗ ಕಡ್ಡಿ ಬರವಲ್ದು. ಹತ್ತ ಮಿನಿಟಾತು, ಅರ್ಧಾ ತಾಸಾತು. "ಟ್ಯಾಕ್ಸಿ? ಟ್ಯಾಕ್ಸಿ?" ಅಂತ ಡ್ರೈವರ್ ಮಂದಿ ಬಂದು ಬಂದು ಕೇಳ್ತಾರ. ಎಲ್ಲೆ ಹೋಗಬೇಕು ಅಂತ ಹೇಳಲಿಕ್ಕೆ ನನಗ ಬರೂದಿಲ್ಲ, ವಿಳಾಸ ಇದ್ದ ಚೀಟಿ ದೊಡ್ಡ ಸೂಟ್‌ಕೇಸಿನ ತಳದಾಗ. ಅರವತ್ತೊಂದ ವರ್ಷದ ಹೆಂಗಸು, ಶಾಲಿ ಹುಡುಗಿ ಜಾತ್ರ್ಯಾಗ ಕೈ ಬಿಟ್ಟಂಗ ನಿಂತಿದ್ದೆ. ಕಣ್ಣಾಗ ನೀರ ಬಂದಿದ್ವು ಅಂದ್ರ ನಗಬ್ಯಾಡ್ರಿ. ನಮ್ಮನಿಯವರು ಹೋಗಿ ಆರ ವರ್ಷಾತು. ಆವತ್ತ ಆದಷ್ಟು ಅವರ ನೆನಪು ನನಗ ಯಾವತ್ತೂ ಆಗಿದ್ದಿಲ್ಲ.

ಬಾಜೂಕ ತನ್ನ ಮಗನ ದಾರಿ ಕಾಯಲಿಕ್ಕೆ ಹತ್ತಿದ್ದ ಒಬ್ಬ ಹೆಣ್ಮಗಳು "ಯಾ ಹಾಗ್ಗಾ" ಅಂತ ಕರದು, ಕೈ ಹಿಡಿದು ಕುರ್ಚಿ ಮ್ಯಾಲೆ ಕೂಡಿಸಿದ್ಲು. ಹಜ್ಜಿಗೆ ಹೋಗಿ ಬಂದ ಹೆಂಗಸರಿಗೆ ಹಾಗ್ಗಾ ಅಂತಾರಂತ. ಆದ್ರ ವಯಸ್ಸಾದವರಿಗೆಲ್ಲಾ ಮರ್ಯಾದಿಗೆ ಹಂಗ ಕರೀತಾರ, ನಾವು ಗುರ್ತಿಲ್ಲದವರಿಗೂ ಮೌಶಿ, ಕಾಕು ಅಂದಂಗ. ಅಕಿ ತನ್ನ ಫೋನ್ ಕೊಟ್ಲು. ಮಗಳ ನಂಬರ ನನಗ ಬಾಯಿಪಾಠ ಇತ್ತು, ಪುಣ್ಯಾ. ಅಳಿಯಂದ್ರು ದಾರ್ಯಾಗ ಗಾಡಿ ಗದ್ದಲದಾಗ ಸಿಕ್ಕೊಂಡು ಕೂತಿದ್ರು. ಮತ್ತೊಂದು ಮುಕ್ಕಾಲ ತಾಸಿಗೆ ಬೆವರಿಳಿಸ್ಕೋತ ಬಂದ್ರು. "ಅತ್ತ್ಯಾರ, ತಪ್ಪಾತು" ಅಂದ್ರು. ತಪ್ಪು ಅವರದಲ್ಲ. ಆ ಊರಿನ ಗದ್ದಲಾ ನೋಡಿದ ಮ್ಯಾಲೆ ಹೇಳ್ತೇನಿ, ಅವರು ಅವತ್ತ ಬಂದು ಮುಟ್ಟಿದ್ದ ದೊಡ್ಡದು.

ಈಗ ಆ ನಿಲ್ದಾಣದ ಸುದ್ದಿ. ಊರ ನಡುವಿಂದ ಈಶಾನ್ಯಕ್ಕ ಸುಮಾರು 20 ಕಿಲೋಮೀಟರ್ ದೂರ, ಮರಳಗಾಡಿನ ಅಂಚಿಗೆ ಅದ. ಅದನ್ನ ಮೊದಲ ಕಟ್ಟಿದವರು ಈಜಿಪ್ತಿನವರಲ್ಲ. ಎರಡನೇ ಮಹಾಯುದ್ಧದಾಗ ಅಮೆರಿಕಾದ ಸೈನ್ಯದವರು ತಮ್ಮ ವಿಮಾನ ಇಳಸಲಿಕ್ಕೆ ಮಾಡಿಕೊಂಡ ಮೈದಾನು ಅದು. ಪೇನ್ ಫೀಲ್ಡ್ ಅಂತ ಹೆಸರಿಟ್ಟಿದ್ರು. ಯುದ್ಧ ಮುಗದು ಅವರು ಹೋದ ಮ್ಯಾಲೆ ಈಜಿಪ್ತಿನ ಸರಕಾರದ ಕೈಗೆ ಬಂತು. ಆವಾಗ ರಾಜಾ ಇದ್ದ, ಫಾರೂಕ್. ನಿಲ್ದಾಣಕ್ಕ ಅವನ ಹೆಸರಾತು. 1952ರಾಗ ಕ್ರಾಂತಿ ಆಗಿ ರಾಜಾನ್ನ ಕಳಿಸಿದ್ರು, ಅವನ ಹೆಸರೂ ಹೋತು. 1963ಕ್ಕ ಹೊಸಾ ಕಟ್ಟಡ ಕಟ್ಟಿದ್ರು, ಅದ ಈಗ ಒಂದನೇ ಟರ್ಮಿನಲ್. ಎರಡನೇದು 1986ಕ್ಕ, ನಾ ಇಳಿದ ಮೂರನೇದು 2008ಕ್ಕ. ಸೈನಿಕರು ಹಾಕಿದ ಮಾಳದ ಮ್ಯಾಲೆ ಇವತ್ತ ಬಾಣಂತನಕ್ಕ ಹೊಂಟ ಅವ್ವಂದಿರು ಇಳಿಲಿಕ್ಕೆ ಹತ್ತೇವಿ.

ನಮ್ಮ ದೇಶಕ್ಕೂ ಈ ಊರಿಗೂ ಗಾಳ್ಯಾಗಿನ ನಂಟು ಹಳೇದದ. 1948ರ ಜೂನ್ 8ರ ರಾತ್ರಿ ಏರ್ ಇಂಡಿಯಾದ ‘ಮಲಬಾರ್ ಪ್ರಿನ್ಸೆಸ್’ ವಿಮಾನ ಮುಂಬೈ ಬಿಟ್ಟು ಲಂಡನ್ನಿಗೆ ಹೊಂಟಿತು. ಏರ್ ಇಂಡಿಯಾ ದೇಶಾ ದಾಟಿ ಹೊರಗ ಹೋದ ಮೊದಲನೇ ವಿಮಾನ ಅದು. ನಡುವ ಇಳಿದದ್ದು ಎರಡ ಊರಿಗೆ, ಕೈರೋ ಮತ್ತ ಜಿನೀವಾ. ಜೆ.ಆರ್.ಡಿ. ಟಾಟಾ ಅವರೂ ಅದರಾಗ ಇದ್ರು. ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬಿದ್ದಿಲ್ಲ ನೋಡ್ರಿ.

ಅದಕ್ಕಿಂತ ಮೊದಲಿಂದು ಇನ್ನೂ ಒಂದದ, ಅದು ನಮ್ಮ ಬಳ್ಳಾರಿ ಸುದ್ದಿ. 1929ರಿಂದ ಲಂಡನ್ನಿನ ಟಪಾಲು ವಿಮಾನದಾಗ ಈಜಿಪ್ತಿನ ಮ್ಯಾಲಿಂದ ಹಾಯ್ದು ಕರಾಚಿ ತನಕ ಬರ್ತಿತ್ತು. 1932ರ ಅಕ್ಟೋಬರ್ 15ಕ್ಕ ಟಾಟಾ ಅವರು ಕರಾಚಿಯಿಂದ ಮುಂಬೈಗೆ ಆ ಟಪಾಲು ತಂದ್ರು. ಮುಂಬೈಯಿಂದ ಮುಂದ ಅವರ ಗೆಳೆಯ ನೆವಿಲ್ ವಿನ್ಸೆಂಟ್ ಬಳ್ಳಾರಿ ಮ್ಯಾಲೆ ಮದ್ರಾಸಿಗೆ ಒಯ್ದ್ರು. ಅಂದ್ರ ಆ ಕಾಲದಾಗ ಈಜಿಪ್ತಿನ ಗಾಳಿ ಕುಡಕೊಂಡು ಬಂದ ಪತ್ರ ನಮ್ಮ ಬಳ್ಳಾರ್ಯಾಗ ಇಳಿದು ಹೋಗಿರ್ತಾವ. ನಮ್ಮ ಬಳ್ಳಾರಿ ವೈನಿ ಇದನ್ನ ಓದಿ ಹೆಮ್ಮೆ ಪಡಬೇಕು.

ಆದ್ರ ಪತ್ರ ಹಾರೂದು ಬ್ಯಾರೆ, ಹೆಣ್ಮಗಳು ಹಾರೂದು ಬ್ಯಾರೆ. ಈಗಿನ ನಿಲ್ದಾಣದ ಹತ್ರನ ಅಲ್ಮಾಜಾ ಅಂತ ಅದಕ್ಕಿಂತ ಹಳೇ ವಿಮಾನದ ಮೈದಾನು ಅದ. ಅಲ್ಲಿ ಒಂದ ಹಾರಾಟದ ಶಾಲಿ ಇತ್ತು. ಲುತ್ಫಿಯಾ ಅಲ್ ನಾದಿ ಅನ್ನೂ ಹುಡುಗಿಗೆ ವಿಮಾನ ಹಾರಸಬೇಕು ಅಂತ ಮನಸ್ಸಿನ್ಯಾಗ ಬಂತು. ಅಪ್ಪಗ ಕೇಳಿದ್ರ ಬಿಲ್‌ಕುಲ್ ಬ್ಯಾಡ ಅಂತಿದ್ದ. ಫೀ ಕಟ್ಟಲಿಕ್ಕೆ ರೊಕ್ಕಾ ಇದ್ದಿಲ್ಲ. ಅಕಿ ಅದ ಶಾಲ್ಯಾಗ ಟೆಲಿಫೋನ್ ಹಿಡಿಯೂ ಕೆಲಸಕ್ಕ ಸೇರಿದ್ಲು, ಆ ಪಗಾರದಾಗ ಹಾರಾಟ ಕಲಿತ್ಲು. ಮನ್ಯಾಗ ಅಪ್ಪನ ಮುಂದ, ವಾರಕ್ಕ ಎರಡ ದಿನಾ ಅಭ್ಯಾಸಕ್ಕ ಹೋಗ್ತೇನಿ ಅಂತ ಹೇಳ್ತಿದ್ಲು. ಅವ್ವಗ ಖರೇ ಸುದ್ದಿ ಗೊತ್ತಿತ್ತು. ಅವ್ವಂದಿರಿಗೆ ಯಾವಾಗಲೂ ಗೊತ್ತ ಇರ್ತದ ಬಿಡ್ರಿ.

1933ರ ಸೆಪ್ಟೆಂಬರಿನ್ಯಾಗ ಅಕಿಗೆ ಲೈಸನ್ಸ್ ಬಂತು, ವಯಸ್ಸು ಇಪ್ಪತ್ತೈದು. ಅರಬ ದೇಶದ ಹೆಣ್ಮಕ್ಕಳೊಳಗ ಅಕಿನ ಮೊದಲನೇದಾಕಿ. ಪೇಪರಿನ್ಯಾಗ ಫೋಟೋ ಬಂತು, ಅಪ್ಪಗ ಆವಾಗ ಗೊತ್ತಾತು, ಸಿಟ್ಟಾದ. ಮಗಳು ಏನ ಮಾಡಿದ್ಲು ಗೊತ್ತದೇನ್ರಿ? ಅಪ್ಪನ್ನ ವಿಮಾನದಾಗ ಕೂಡಿಸಿಕೊಂಡು ಪಿರಮಿಡ್ ಮ್ಯಾಲೆ ಸುತ್ತು ಹಾಕಿಸಿಕೊಂಡು ಬಂದ್ಲು. ಅಪ್ಪನ ಸಿಟ್ಟು ಇಳೀತು. ಅದ ವರ್ಷ ಡಿಸೆಂಬರಿನ್ಯಾಗ ಕೈರೋದಿಂದ ಅಲೆಕ್ಸಾಂಡ್ರಿಯಾಕ್ಕ ವಿಮಾನದ ಶರ್ಯತ್ತು ಇಟ್ಟಿದ್ರು. ಎಲ್ಲಾರಿಗಿಂತ ಮೊದಲ ಮುಟ್ಟಿದಾಕಿ ಲುತ್ಫಿಯಾ. ಒಂದ ಗುರ್ತಿನ ಜಾಗಾ ಸುತ್ತಲಿಲ್ಲ ಅಂತ ಕಾಯ್ದೆ ತಗದು ಬಹುಮಾನಾ ಬ್ಯಾರೆಯವರಿಗೆ ಕೊಟ್ರು. ಅಕಿಗೆ ಒಂದ ಸ್ವಂತ ವಿಮಾನ ಕೊಡಸಬೇಕಂತ ವರ್ಗಣಿ ಎತ್ತಿದಾಕಿ ಮತ್ತೊಬ್ಬ ಹೆಣ್ಮಗಳು, ಹುದಾ ಶಾರಾವಿ. ಈ ಹೆಸರು ನೆನಪಿಟ್ಟುಕೋರಿ, ಮುಂದ ಮತ್ತ ಬರ್ತದ.

ಅಳಿಯಂದ್ರ ಕಾರಿನ್ಯಾಗ ಮನಿಗೆ ಹೊಂಟ್ವಿ. ಮಗಳ ಮನಿ ಇರೂದು ಮಾದಿಯೊಳಗ, ಊರಿನ ದಕ್ಷಿಣಕ್ಕ. ನಿಲ್ದಾಣ ಬಿಟ್ಟು ಸ್ವಲ್ಪ ದೂರ ಬರೂದ್ರಾಗ ಎಡಕ್ಕೋ ಬಲಕ್ಕೋ ಒಂದ ಗುಡಿ ಕಂಡಂಗಾತು. ಶಿಖರ ಅದ, ಮೈತುಂಬ ಕೆತ್ತಿಗಿ ಅದ, ಆನಿ ಅವ, ಮೂರ್ತಿ ಅವ. "ಇಲ್ಲೆ ಗುಡಿ ಯಾರ ಕಟ್ಟಿದ್ರಪಾ?" ಅಂತ ಕೈ ಮುಗದ ಬಿಟ್ಟೆ. ಅಳಿಯಂದ್ರು ನಕ್ಕು, "ಗುಡಿ ಅಲ್ರಿ, ಬ್ಯಾರನ್ನನ ಅರಮನಿ" ಅಂದ್ರು.

ಆ ಬ್ಯಾರನ್ ಬೆಲ್ಜಿಯಂ ದೇಶದ ಸಾಹುಕಾರ, ಎದುವಾರ್ ಆಂಪಾ ಅಂತ. ಪ್ಯಾರಿಸ್ಸಿನ ಮೆಟ್ರೋ ಮಾಡಿದಾಂವನೂ ಅವನ. ಕೈರೋದಾಗ 1896ಕ್ಕ ಮೊದಲನೇ ಟ್ರಾಮ್ ಓಡಿಸಿದ್ದು ಅವನ ಕಂಪನಿ. 1905ರ ಸುಮಾರಿಗೆ ಊರ ಹೊರಗಿನ ಮರಳಗಾಡು ಕೊಂಡಾ. ಅಲ್ಲಿ ಭೂಮಿ ಅಳಿಯೂದು ಫೆದ್ದಾನ್ ಲೆಕ್ಕದಾಗ, ನಮ್ಮ ಒಂದ ಎಕರೆಕ್ಕಿಂತ ತುಸು ಹೆಚ್ಚು. ಒಂದ ಫೆದ್ದಾನಿಗೆ ಒಂದ ಪೌಂಡಿನಂಗ ಕೊಂಡಾ. ಮಂದಿ ನಕ್ಕಿರಬೇಕು, ಉಸುಕು ಯಾರಿಗೆ ಬೇಕು ಅಂತ. ಅಂವ ಮೊದಲ ಟ್ರಾಮಿನ ಹಳಿ ಹಾಕಿದಾ, ಆಮ್ಯಾಲೆ ಮನಿ ಕಟ್ಟಿದಾ. ಹಳಿ ಬಂದಲ್ಲೆ ಮಂದಿ ಬಂತು, ಮಂದಿ ಬಂದಲ್ಲೆ ಉಸುಕಿಗೆ ಬಂಗಾರದ ಬೆಲಿ ಬಂತು. ಆ ಬಡಾವಣಿಗೆ ಹೆಲಿಯೋಪೊಲಿಸ್ ಅಂತ ಹೆಸರಿಟ್ಟಾ, ಸೂರ್ಯನ ಊರು. ಅಲ್ಲಿಯವರು ‘ಮಸ್ರ್ ಅಲ್ ಗದೀದಾ’ ಅಂತಾರ, ಹೊಸಾ ಕೈರೋ ಅಂದಂಗ. ತನಗಂತ 1911ರ ಸುಮಾರಿಗೆ ಈ ಅರಮನಿ ಮುಗಿಸಿದಾ. ಕಾಂಬೋಡಿಯಾದ ಆಂಗ್ಕೋರ್ ವಾಟ್, ನಮ್ಮ ಒಡಿಶಾದ ಗುಡಿ, ಇವನ್ನ ನೋಡಿ ಫ್ರಾನ್ಸಿನ ಒಬ್ಬಾಂವ ನಕ್ಷಾ ತಗದಿದ್ದ. ಕಲ್ಲಿಂದು ಅನಸ್ತದ, ಖರೇ ಅಂದ್ರ ಕಾಂಕ್ರೀಟು. 2020ರಿಂದ ಒಳಗ ಹೋಗಿ ನೋಡಲಿಕ್ಕೆ ಬಿಡ್ತಾರ.

ಇದ ಬ್ಯಾರನ್ನನ ಉಸುಕಿನ ಮ್ಯಾಲೆ 1910ರ ಫೆಬ್ರವರಿಯೊಳಗ ವಿಮಾನದ ಜಾತ್ರಿ ಆಗಿತ್ತು. ಯುರೋಪಿನಿಂದ ಹಾರೂ ಮಂದಿ ಬಂದಿದ್ರು. ಅವರೊಳಗ ಫ್ರಾನ್ಸಿನ ರೇಮೊಂದ್ ದ ಲಾರೋಶ್ ಅನ್ನೂ ಹೆಣ್ಮಗಳೂ ಇದ್ಲು. ಮುಂದಿನ ತಿಂಗಳ ಅಕಿಗೆ ಲೈಸನ್ಸ್ ಸಿಕ್ತು. ಜಗತ್ತಿನ್ಯಾಗ ವಿಮಾನದ ಲೈಸನ್ಸ್ ಸಿಕ್ಕ ಮೊದಲನೇ ಹೆಂಗಸು ಅಕಿ. ಆ ಊರಿನ ಮನೆತನಸ್ತ ಹೆಣ್ಮಕ್ಕಳು ಆವಾಗ ಇನ್ನೂ ಪಡದಾದ ಒಳಗಿದ್ರು. ಟ್ರಾಮಿನ್ಯಾಗ ಅವರಿಗೆ ಬ್ಯಾರೆ ಖೋಲಿ ಇತ್ತು, ಹರೀಮ್ ಅಂತಿದ್ರು. ಅದ ಹರೀಮ್ ಖೋಲ್ಯಾಗ ಕೂತು ಸಾಲಿಗೆ ಹೋಗಲಿಕ್ಕೆ ಸುರು ಮಾಡಿದ ಹುಡುಗ್ಯಾರನ ಮುಂದ ಮಾಸ್ತರಣಿ ಆದ್ರು, ಡಾಕ್ಟರ್ ಆದ್ರು. ಆ ಟ್ರಾಮ್ ಈಗ ಇಲ್ಲ. ರಸ್ತೆ ಅಗಲ ಮಾಡಲಿಕ್ಕೆ ಅಂತ ಈಚಿನ ವರ್ಷದಾಗ ಹೆಲಿಯೋಪೊಲಿಸ್ಸಿನ ಹಳಿ ಕಿತ್ತು ಒಗದಾರ. ಊರು ಹುಟ್ಟಿದ್ದ ಹಳಿಯಿಂದ, ಹಳೀನ ಉಳೀಲಿಲ್ಲ.

ಇಲ್ಲೀತನಕ ಬ್ಯಾರೆಯವರು ಕಾರಿನ್ಯಾಗ ಕರಕೊಂಡು ಹೋದ ದಾರಿ. ಇನ್ನ ನಾನು ಒಬ್ಬಾಕಿ ಹೋದ ದಾರಿ ಕೇಳ್ರಿ.

ಮಗಳಿಗೆ ದಿನಾ ತುಂಬೂದಕ್ಕ ಇನ್ನೂ ಎರಡ ವಾರ ಇರೂ ಮುಂದನ ಬ್ಯಾನಿ ಬಂತು. ದವಾಖಾನಿ ಇದ್ದದ್ದು ನೈಲ್ ನದಿ ಆಚೆ ದೊಕ್ಕಿ ಅನ್ನೂದ್ರಾಗ. ಹೆಣ್ಣ ಕೂಸು ಹುಟ್ಟಿತು, ತೂಕ ಕಡಿಮಿ ಇತ್ತು, ಕಾಜಿನ ಪೆಟ್ಟಿಗ್ಯಾಗ ಇಟ್ರು. ಮಗಳಿಗೆ ಆಪರೇಶನ್ ಆಗಿತ್ತು, ಜ್ವರಾ ಬಂದಿತ್ತು. ಅಳಿಯಂದ್ರು ಅಲ್ಲೇ ಠಿಕಾಣಿ ಹೂಡಿದ್ರು. ಮಗಳಿಗೆ ದವಾಖಾನಿ ಊಟ ಹೋಗವಲ್ದು, "ಅಮ್ಮಾ, ನಿನ್ನ ಕೈಯ್ಯಾನ ಗಂಜಿ ಬೇಕು" ಅಂತ ಫೋನಿನ್ಯಾಗ ಅಳತಾಳ. ಗಂಜಿ ನಾ ಮಾಡ್ತೇನಿ, ಮುಟ್ಟಸೂರು ಯಾರು? ಟ್ಯಾಕ್ಸಿ ಹತ್ತಿದ್ರ ಗದ್ದಲದಾಗ ಎರಡ ತಾಸ, ಅದೂ ಭಾಷಾ ಬರದಾಕಿ. ಮ್ಯಾಲಿನ ಮನಿ ಹೆಣ್ಮಗಳು ಹೇಳಿದ್ಲು, ಮೆಟ್ರೋದಾಗ ಹೋಗ್ರಿ, ನಡುವಿನ ಎರಡ ಡಬ್ಬಿ ಹೆಂಗಸರವು ಅವ, ಒಂದ ಕಡೆ ಬದಲಿ ಮಾಡಿದ್ರಾತು. ಮಾದಿಯಿಂದ ಸಾದಾತ್, ಸಾದಾತ್‌ನಿಂದ ದೊಕ್ಕಿ. ಒಂದ ಚೀಟಿ ಮ್ಯಾಲೆ ಅರಬಿಯೊಳಗ ಬರದು ಕೊಟ್ಲು.

ಆ ಮೆಟ್ರೋ 1987ರಾಗ ಸುರು ಆದದ್ದು, ಆಫ್ರಿಕಾ ಖಂಡದಾಗ ಮೊದಲನೇದು. ಮಾದಿ ಮ್ಯಾಲೆ ಹೋಗೂ ಹಳಿ ಅದಕ್ಕೂ ಹಳೇದು. ಹೆಲ್ವಾನ್ ಅನ್ನೂ ಊರಿಗೆ ಹಿಂದಿನ ಶತಮಾನದಿಂದ ಉಗಿಗಾಡಿ ಓಡ್ತಿತ್ತು. ಆ ಕಡೆ ಹಳಿ, ಈ ಕಡೆ ಹಳಿ, ಎರಡಕ್ಕೂ ಊರ ನಡುವ ನೆಲದ ಕೆಳಗ ಸುರಂಗಾ ತೋಡಿ ಗಂಟ ಹಾಕಿದ್ರು, ಮೆಟ್ರೋ ಆತು. ಹಳೇ ಸೀರಿ ಎರಡ ತುಂಡಿಗೆ ನಡುವ ಹೊಸಾ ಅರಿವಿ ಕೂಡಿಸಿ ಕೌದಿ ಹೊಲದಂಗ.

ಮೊದಲನೇ ದಿನಾ ಡಬ್ಬಿ ಕಟಗೊಂಡು ಹೊಂಟೆ. ಹೆಂಗಸರ ಡಬ್ಬಿ ಹತ್ತಿದ ಕೂಡಲೇ ಒಂದ ಹುಡುಗಿ ಎದ್ದು, ಕೂಡ್ರಿ ಅಂತ ಕೈ ಮಾಡಿ ತೋರಿಸಿದ್ಲು. ತಲಿಗೆ ವಸ್ತ್ರ ಕಟ್ಟಿದವರು, ಕೂದಲ ಬಿಟ್ಟವರು, ಕಣ್ಣಷ್ಟ ಕಾಣೂವಂಗ ಮುಚ್ಚಿಕೊಂಡವರು, ನಡುವ ಕುಂಕುಮ ಹಚ್ಚಿದಾಕಿ ನಾನು. ಹೇರ್‌ಪಿನ್, ಕಾಲಚೀಲಾ ಮಾರೂರು ಡಬ್ಬಿಯಿಂದ ಡಬ್ಬಿಗೆ ಬರ್ತಾರ. ಮುಂಬೈ ಲೋಕಲ್ಲಿನ ಲೇಡೀಜ್ ಡಬ್ಬಿ ನೋಡಿದವರಿಗೆ ಏನೂ ಹೊಸಾದು ಅನಸೂದಿಲ್ಲ. ಬೆಳ್ಳುಳ್ಳಿ ಬಿಡಸೂದೊಂದ ಕಡಿಮಿ.

ಸಾದಾತ್‌ನ್ಯಾಗ ಇಳಿದೆ. ಅದು ತಹ್ರೀರ್ ಚೌಕದ ತಳಗ ಇರೂ ನಿಲ್ದಾಣ. ಮೆಟ್ಟಿಲ ಇಳಿದು, ಮೆಟ್ಟಿಲ ಏರಿ, ಮತ್ತೊಂದ ಗಾಡಿ ಹತ್ತಿದೆ. ಉಲ್ಟಾ ಕಡೆಯದು ಹತ್ತಿದ್ದೆ. ಒಂದ ನಿಲ್ದಾಣ ಹೋತು, ಎರಡ ಹೋತು, ದೊಕ್ಕಿ ಬರವಲ್ದು. ಚೀಟಿ ತೋರಿಸಿದ್ರ ಬಾಜೂಕಿನಾಕಿ "ಲಾ, ಲಾ" ಅಂತ ಕೈ ಅಲ್ಲಾಡಿಸಿದ್ಲು. ಗಾಬರಿಯಾಗಿ ಮುಂದ ಬಂದ ನಿಲ್ದಾಣದಾಗ ಇಳಿದು ಬಿಟ್ಟೆ. ಮಂದಿ ಹೋದತ್ತ ಹೋಗಿ, ಮ್ಯಾಲೆ ಹತ್ತಿ ನೋಡ್ತೇನಿ, ದೊಡ್ಡ ಚೌಕು, ಎದುರಿಗೆ ರೈಲ್ವೆ ಠೇಶನ್. ಕೈಯ್ಯಾಗ ಗಂಜಿ ಡಬ್ಬಿ, ದವಾಖಾನ್ಯಾಗ ಹಸಿದ ಬಾಣಂತಿ, ನಾ ಎಲ್ಲಿದ್ದೇನಿ ನನಗ ಗೊತ್ತಿಲ್ಲ. ವಿಮಾನ ನಿಲ್ದಾಣದಾಗ ನಿಂತಂಗ ಮತ್ತ ನಿಂತೆ. ಆದ್ರ ಈ ಸಲ ಯಾರೂ ಕರಿಲಿಕ್ಕೆ ಬರೂದಿಲ್ಲ ಅಂತ ಗೊತ್ತಿತ್ತು. ಅದಕ್ಕೋ ಏನೋ, ಅಳು ಬರಲಿಲ್ಲ. ತಲಿ ಓಡ್ತು. ಠೇಶನ್ನಿನ ಬಾಗಲಾ ನೋಡಿದೆ. ರಾಮ್ಸೆಸ್ ಅಂತ ಇಂಗ್ಲೀಷಿನ್ಯಾಗ ಬರದಿತ್ತು. ಅಯ್ಯ, ಇದು ಹುದಾ ಶಾರಾವಿ ಇಳಿದ ಠೇಶನ್!

ಮೊದಲ ಆ ಠೇಶನ್ನಿಗೆ ಬಾಬ್ ಅಲ್ ಹದೀದ್ ಅಂತಿದ್ರು, ಕಬ್ಬಿಣದ ಬಾಗಲಾ. ವಿಮಾನ ಬರೂಕಿಂತ ಮೊದಲ ಆ ಊರಿನ ಹೆಬ್ಬಾಗಲಾ ಅದ ಇತ್ತು. ಹಡಗದಿಂದ ಅಲೆಕ್ಸಾಂಡ್ರಿಯಾದಾಗ ಇಳಿದವರು ರೈಲಿನ್ಯಾಗ ಇಲ್ಲಿಗೇ ಬರಬೇಕು. ಹುದಾ 1879ರಾಗ ದೊಡ್ಡ ಜಮೀನದಾರರ ಮನ್ಯಾಗ ಹುಟ್ಟಿದಾಕಿ. ಹದಿಮೂರನೇ ವರ್ಷಕ್ಕ, ವಯಸ್ಸಿನ್ಯಾಗ ಭಾಳ ದೊಡ್ಡವ ಇದ್ದ ಸಂಬಂಧಿಕನ ಕೂಡ ಲಗ್ನಾ ಮಾಡಿದ್ರು. ಅಂತಃಪುರದಾಗ ಬೆಳದಾಕಿ. 1919ರಾಗ ಇಂಗ್ಲೀಷರ ವಿರುದ್ಧ ಈಜಿಪ್ತ್ ಎದ್ದಾಗ ಪಡದಾ ಹಾಕ್ಕೊಂಡನ ಹೆಂಗಸರನ್ನ ಕೂಡಿಸಿಕೊಂಡು ಬೀದಿಗೆ ಇಳದ್ಲು. 1923ರಾಗ ಹೆಣ್ಮಕ್ಕಳ ಸಂಘಾ ಕಟ್ಟಿದ್ಲು. ಅದ ವರ್ಷ ರೋಮಿನ್ಯಾಗ ಹೆಂಗಸರಿಗೆ ಮತ ಹಾಕೂ ಹಕ್ಕು ಬೇಕು ಅನ್ನೂರ ದೊಡ್ಡ ಸಭಾ ಇತ್ತು. ನಬವಿಯಾ ಮೂಸಾ, ಸೈಜಾ ನಬರಾವಿ ಅಂತ ಇಬ್ಬರು ಗೆಳತ್ಯಾರನ್ನ ಕರಕೊಂಡು ಹೋಗಿ ಬಂದ್ಲು.

ತಿರುಗಿ ಬಂದು ಈ ಠೇಶನ್ನಿನ್ಯಾಗ ಇಳೀತಾಳ. ಕರಿಲಿಕ್ಕೆ ಹೆಂಗಸರ ಗುಂಪು ಬಂದು ನಿಂತದ. ಅಕಿ ಗಾಡಿಯಿಂದ ಹೊರಗ ಬಂದು ಮುಖದ ಪರದೆ ತಗದ್ಲು. ಸೈಜಾನೂ ತಗದ್ಲು. ತಲಿ ವಸ್ತ್ರ ಅಲ್ರಿ, ಮುಖ ಮುಚ್ಚೂ ಪರದೆ ಅಷ್ಟ. ಒಂದ ಗಳಿಗಿ ಎಲ್ಲಾರೂ ಸುಮ್ಮನಾದ್ರು, ಆಮ್ಯಾಲೆ ಚಪ್ಪಾಳೆ ಬಿತ್ತು, ಕೆಲವರು ತಾವೂ ತಗದ್ರು. ನಾ ಇದನ್ನ ಮಕ್ಕಳಿಗೆ ಕಲಿಸಿದಾಕಿ ಅಲ್ಲ, ಪಠ್ಯದಾಗ ಇದ್ದಿಲ್ಲ. ರಿಟೈರ್ ಆದ ಮ್ಯಾಲೆ ಓದಿದ್ದು. ಓದೂ ಮುಂದ ನನಗ ಪರದೆ ಸುದ್ದಿನ ದೊಡ್ಡದು ಅನಿಸಿತ್ತು. ಅಲ್ಲೆ ಚೌಕಿನ್ಯಾಗ ನಿಂತಾಗ ಬ್ಯಾರೆ ಒಂದು ಹೊಳೀತು. ಅವತ್ತ ಅಕಿನ್ನ ಕರಿಲಿಕ್ಕೆ ಬಂದವರು ಅಣ್ಣ, ಅಪ್ಪ, ಗಂಡ ಅಲ್ಲ. ಹೆಂಗಸರು. ಪಡದಾದ ಮನಿ ಬಿಟ್ಟು, ಅಷ್ಟು ಮಂದಿ ಹೆಂಗಸರು ಠೇಶನ್ ತನಕ ಬಂದಿದ್ರಲಾ, ಅದೂ ಸಣ್ಣ ಮಾತಲ್ಲ.

ಆ ಚೌಕಿನ್ಯಾಗ 1928ಕ್ಕ ಒಂದ ಮೂರ್ತಿ ನಿಲ್ಲಿಸಿದ್ರು. ಮಹಮೂದ್ ಮುಖ್ತಾರ್ ಕೆತ್ತಿದ್ದು. ಏಳಲಿಕ್ಕೆ ಹತ್ತಿದ ಸ್ಫಿಂಕ್ಸಿನ ಮ್ಯಾಲೆ ಕೈ ಇಟ್ಟು, ಇನ್ನೊಂದ ಕೈಲೆ ಮುಖದ ಪರದೆ ಸರಿಸೂ ಒಕ್ಕಲಿಗರ ಹೆಣ್ಮಗಳು. 1955ಕ್ಕ ಅದನ್ನ ವಿಶ್ವವಿದ್ಯಾಲಯದ ಕಡೆ ಒಯ್ದು, ಇಲ್ಲೆ ಮೂರ ಸಾವಿರ ವರ್ಷದ ಹಿಂದಿನ ರಾಜಾ ರಾಮ್ಸೆಸ್‌ನ ಮೂರ್ತಿ ತಂದು ನಿಲ್ಲಿಸಿದ್ರು. ಗಾಡಿ ಹೊಗಿಗೆ ಅದು ಕೆಡ್ತದ ಅಂತ 2006ಕ್ಕ ಅದನ್ನೂ ಒಯ್ದ್ರು. ಈಗ ಹೆಣ್ಮಗಳೂ ಇಲ್ಲ, ರಾಜಾನೂ ಇಲ್ಲ. ಚೌಕಿನ ಕೆಳಗಿನ ಮೆಟ್ರೋ ನಿಲ್ದಾಣಕ್ಕ ಮೊದಲ ಮುಬಾರಕ್ ಹೆಸರಿತ್ತು. 2011ರ ಕ್ರಾಂತಿ ಆದ ಮ್ಯಾಲೆ ಹುತಾತ್ಮರ ನಿಲ್ದಾಣ ಅಂತ ಮಾಡ್ಯಾರ. ಆ ಊರಾಗ ಹೆಸರು ಬದಲಿ ಆಗ್ತಾನ ಇರ್ತಾವ, ದಾರಿ ಮಾತ್ರ ಅದ.

ಇಷ್ಟೆಲ್ಲಾ ನೆನೆಸಿಕೋತ ಎಷ್ಟ ಹೊತ್ತು ನಿಂತಿದ್ದೆ ಅಂತೀರಿ? ಎರಡ ಮಿನಿಟ ಇರಬೇಕು. ಗಂಜಿ ನೆನಪಾತು. ಕೆಳಗ ಇಳಿದು, ಚೀಟಿ ತೋರಿಸಿ, ಈ ಸಲ ಕಡೀಗೆ ಹೋಗೂ ಊರಿನ ಹೆಸರು ಕೇಳಿ, ಸರಿಯಾದ ಗಾಡಿ ಹತ್ತಿದೆ. ದೊಕ್ಕಿ ಬಂತು. ಮಗಳು ಗಂಜಿ ಉಂಡ್ಲು. ಸ್ವಲ್ಪ ತಣ್ಣಗಾಗಿತ್ತು, ಏನೂ ಅನಲಿಲ್ಲ. ಹನ್ನೊಂದ ದಿನಾ ಹಿಂಗ ಹೋಗಿ ಬಂದೆ. ಆರನೇ ದಿನಾ ಡಬ್ಬಿಯೊಳಗ ಒಬ್ಬಾಕಿ ದಾರಿ ತಪ್ಪಿದ್ಲು, ಅಕಿಗೆ ನಾನ ಕೈ ಮಾಡಿ ತೋರಿಸಿ ಸಾದಾತ್‌ನ್ಯಾಗ ಇಳಿಸಿದೆ. ಕೂಸು ಪೆಟ್ಟಿಗಿ ಬಿಟ್ಟು ಅವ್ವನ ಮಗ್ಗಲಿಗೆ ಬಂತು. ಮನಿಗೆ ಬಂದ ದಿನಾ ಮ್ಯಾಲಿನ ಮನಿ ಹೆಣ್ಮಗಳು ‘ಮುಘಾತ್’ ಕಾಸಿ ತಂದ್ಲು. ಅಲ್ಲಿ ಬಾಣಂತಿಗೆ ಕೊಡೂದಂತ. ತುಪ್ಪ, ಬೀಜ, ಗೋಡಂಬಿ ಜಾತಿದು ಎಲ್ಲಾ ಹಾಕಿ ಬಿಸಿಬಿಸಿ ಕುಡೀಬೇಕು. ನಾ ಅಂಟಿನುಂಡಿ ಕೊಟ್ಟೆ. ಇಬ್ಬರಿಗೂ ಇಬ್ಬರದೂ ಗುರ್ತು ಹತ್ತಿತು.

ನಿಮ್ಮ ಮಕ್ಕಳು ಯಾರರ ಆ ಊರಿಗೆ ಹೋದ್ರ ಇಷ್ಟ ಹೇಳ್ರಿ. ಮೆಟ್ರೋ ಇನ್ನೂ ನಿಲ್ದಾಣದ ಒಳತನಕ ಬಂದಿಲ್ಲ, ಮೂರನೇ ಹಳಿ ಹೆಲಿಯೋಪೊಲಿಸ್ ದಾಟಿ ಹೋಗ್ತದ. ಅದಕ್ಕ ನಿಲ್ದಾಣದಿಂದ ಅಲ್ಲೀತನಕರ ಟ್ಯಾಕ್ಸಿ ಬೇಕು. ಫೋನಿನ್ಯಾಗ ಕರಸೂ ಟ್ಯಾಕ್ಸಿ ಅವ, ರೇಟು ಮೊದಲ ಕಾಣಸ್ತದ. ಬೀದ್ಯಾಗಿಂದು ಆದ್ರ ಹತ್ತೂಕಿಂತ ಮೊದಲ ಮಾತಾಡ್ರಿ. ವಿಳಾಸದ ಚೀಟಿ ಅರಬಿಯೊಳಗ ಬರಿಸಿಕೊಂಡು ಕೈಚೀಲದಾಗ ಇಡ್ರಿ, ಸೂಟ್‌ಕೇಸಿನ ತಳದಾಗ ಅಲ್ಲ. ಒಂದ ಫೋನ್ ನಂಬರ ಬಾಯಿಪಾಠ ಇರಲಿ. ಮೆಟ್ರೋದಾಗ ನಡುವಿನ ಡಬ್ಬಿ ಹತ್ರಿ, ಗಾಡಿ ಯಾವ ಕಡೀ ಊರಿಗೆ ಹೋಗ್ತದ ಅಂತ ಕೇಳಿ ಹತ್ರಿ.

ತಿರುಗಿ ಬರೂ ದಿನಾ ಅಳಿಯಂದ್ರು ಕಾರಿನ ಕೀಲಿ ತಗೊಂಡ್ರು. ಕೂಸಿಗೆ ಅವತ್ತ ಹೊಟ್ಟಿ ನೂಸು, ರಾತ್ರಿಯೆಲ್ಲಾ ಅತ್ತಿತ್ತು. "ನೀವು ಮನ್ಯಾಗ ಇರ್ರಿ, ನಾ ಹೋಗ್ತೇನಿ" ಅಂದೆ. "ಕಳಸಲಿಕ್ಕೆ ಯಾರೂ ಬ್ಯಾಡ ಏನಮ್ಮಾ?" ಅಂತ ಮಗಳು ಕೇಳಿದ್ಲು. ಬ್ಯಾಡ ಅಂದೆ. ಫೋನಿನ್ಯಾಗ ಗಾಡಿ ಕರಸಿ ಹಿಂದ ಕೂತೆ. ಬೆಳಗಿನ ಹೊತ್ತು, ಗದ್ದಲ ಇನ್ನೂ ಸುರು ಆಗಿದ್ದಿಲ್ಲ. ಕೋಟಿ ಹೋತು, ಗೋರಿಗಳು ಹೋದ್ವು, ಬ್ಯಾರನ್ನನ ಗುಡಿ ಬಂತು. ಈ ಸಲ ಕೈ ಮುಗೀಲಿಲ್ಲ, ನೋಡಿ ನಕ್ಕೆ. ನಿಲ್ದಾಣಕ್ಕ ಎರಡ ತಾಸ ಮೊದಲ ಮುಟ್ಟಿದೆ. ಒಂದ ಚಹಾ ತಗೊಂಡು ಕಾಜಿನ ಹತ್ರ ಕೂತೆ. ಮಾತಾಡಸೂರಿಲ್ಲ, ಬಡಸೂದಿಲ್ಲ, ಯಾರಿಗೂ ಏನೂ ಹೇಳಬೇಕಾಗಿಲ್ಲ. ಅವ್ವನ ಗದಗಿನ ಗಾಡಿ ನೆನಪಾತು. ಅಕಿಗೆ ಯಾಕ ಛಲೋ ಅನಸ್ತಿತ್ತು ಅಂತ ಇನ್ನ ಕೇಳಬೇಕಾಗಿಲ್ಲ.

ಮುಂಬೈಗೆ ಕರಿಲಿಕ್ಕೆ ಬರ್ತೇನಿ ಅಂತ ತಮ್ಮ ಹಟಾ ಹಿಡದಿದ್ದ. ಬಾರಪಾ, ಚೀಲಾ ಭಾಳ ಅವ, ಅದಕ್ಕ ಬಾ ಅಂದೆ.

ಮುಘಾತ್ ಹ್ಯಾಂಗ ಮಾಡೂದು ಅಂತ ಕೇಳಿ ಬರಕೊಂಡು ಬಂದೇನಿ. ಮುಂದಿನ ಸಲ ಅದನ್ನ ಬರೀತೇನಿ.